ಅಲಗಿಗೆ ಹಿಡಿ ಕೂತಿತು, ಒರೆಯ ಚರ್ಮ ಕತ್ತರಿಸಿದ್ದಾಯಿತು: ಬೇಟೆ ಚಾಕುವಿನ ಕೆಲಸ ಎಲ್ಲಿಗೆ ಬಂತು

ಅಲಗಿಗೆ ಹಿಡಿ ಕೂತಿದೆ. ಒರೆಗೆ ಚರ್ಮ ಕತ್ತರಿಸಿ ಇಟ್ಟಿದ್ದೇನೆ, ಹೊಲಿಗೆ ಬಾಕಿ ಇದೆ. ಇಲ್ಲಿಯವರೆಗೆ ಏನೇನು ಆರಿಸಿದೆ, ಯಾಕೆ ಅದನ್ನೇ ಆರಿಸಿದೆ ಅಂತ ಒಂದೇ ಕಡೆ ಬರೆದಿಡುತ್ತಿದ್ದೇನೆ. ಇದು ಮಡಚುವ ಚಾಕು ಅಲ್ಲ, ಅಲಗು ಹಿಡಿಗೆ ಗಟ್ಟಿಯಾಗಿ ಕೂತಿರುವ ಬೇಟೆ ಚಾಕು. ಸ್ವಂತ ಮಾಡಿಕೊಳ್ಳುವವರಿಗೂ ಅಂಗಡಿಯಲ್ಲಿ ಕೊಳ್ಳುವವರಿಗೂ ಎದುರಾಗುವ ಪ್ರಶ್ನೆಗಳು ಇವೇ ಅಲ್ವಾ? ಯಾವ ಉಕ್ಕು, ಎಂಥ ಹಿಡಿ, ಎಂಥ ಒರೆ.

ಉಕ್ಕು

ನಾನು ಉಕ್ಕುಗಳ ಹೆಸರಿನ ಪಟ್ಟಿ ನೋಡುವ ಮೊದಲು ನನ್ನ ಸಾಣೆಕಲ್ಲು ನೋಡಿದೆ. ಅದು ಸಾಮಾನ್ಯ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು. ಒಂದು ಬದಿ 1000 ಗ್ರಿಟ್, ಇನ್ನೊಂದು ಬದಿ 3000 (ಗ್ರಿಟ್ ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯ). ಚಾಕು ಮೊಂಡಾದಾಗ ಉಜ್ಜುವುದು ಇದರ ಮೇಲೇ. ಹಾಗಿರುವಾಗ ಈ ಕಲ್ಲಿಗೆ ಬಗ್ಗದ ಉಕ್ಕು ತಂದು ಏನು ಮಾಡುವುದು?

ಸಿಪಿಎಂ ಎಸ್30ವಿ ಉದಾಹರಣೆ ತೆಗೆದುಕೊಳ್ಳಿ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗೆಂದೇ ತಂದ ಉಕ್ಕು ಅದು. ಸುಮಾರು ಶೇ 1.45 ಕಾರ್ಬನ್, ಶೇ 14 ಕ್ರೋಮಿಯಂ, ಶೇ 4 ವನೇಡಿಯಂ. ಆ ವನೇಡಿಯಂ ಕಾರ್ಬನ್ ಜೊತೆ ಸೇರಿ ಸಣ್ಣ ಸಣ್ಣ ಕಾರ್ಬೈಡ್ ಕಣಗಳಾಗುತ್ತದೆ. ಹರಿತ ತುಂಬಾ ಹೊತ್ತು ನಿಲ್ಲುವುದು ಇವುಗಳಿಂದಲೇ. ಆದರೆ ಈ ಕಣಗಳು ಅಲ್ಯೂಮಿನಿಯಂ ಆಕ್ಸೈಡ್‌ಗಿಂತ ಗಟ್ಟಿ. ನನ್ನ ಕಲ್ಲು ಸುತ್ತಲಿನ ಉಕ್ಕನ್ನು ತಿನ್ನುತ್ತದೆ, ಕಣಗಳನ್ನು ಕೊಯ್ಯುವುದಿಲ್ಲ. ಅದಕ್ಕೆ ವಜ್ರದ ಪುಡಿ ಹಾಕಿದ ಪ್ಲೇಟ್ ಬೇಕು. ಅದು ಇರುವವರು ಧಾರಾಳವಾಗಿ ಎಸ್30ವಿ ತೆಗೆದುಕೊಳ್ಳಲಿ, ಒಳ್ಳೆಯ ಉಕ್ಕೇ.

ಇನ್ನೊಂದು ತುದಿಯಲ್ಲಿ 1095, ಓ1, 52100 ಇವೆ. ಇವು ತುಕ್ಕು ಹಿಡಿಯುವ ಕಾರ್ಬನ್ ಉಕ್ಕುಗಳು. ಸಾಣೆಗೆ ಇವುಗಳಷ್ಟು ಸಲೀಸು ಬೇರೆ ಇಲ್ಲ. 52100 ಮೂಲತಃ ಬೇರಿಂಗ್ ಉಕ್ಕು. ಸುಮಾರು ಶೇ 1 ಕಾರ್ಬನ್, ಶೇ 1.5 ಕ್ರೋಮಿಯಂ. ಅದರ ಬಾಯಿ, ಅಂದರೆ ಕೊಯ್ಯುವ ಅಂಚು, ಎಷ್ಟು ನಯವಾಗಿ ಬರುತ್ತದೆ ಅಂದರೆ ಉಜ್ಜುವಾಗಲೇ ಖುಷಿಯಾಗುತ್ತದೆ. ಆದರೆ ಬೇಟೆ ಚಾಕು ಇರುವುದು ಒದ್ದೆಯಲ್ಲಿ. ರಕ್ತದಲ್ಲಿ ಉಪ್ಪಿದೆ, ನೀರಿದೆ. ತೊಳೆಯದೆ ಸ್ವಲ್ಪ ಹೊತ್ತು ಬಿಟ್ಟರೆ ಕಾರ್ಬನ್ ಉಕ್ಕಿನ ಮೇಲೆ ಕಲೆ ಬೀಳುತ್ತದೆ. ಹಾಗೇ ಒರೆಗೆ ಹಾಕಿದರೆ ಕಲೆಯ ಜಾಗದಲ್ಲಿ ಗುಳಿ ಬೀಳುತ್ತದೆ. ವಿನೆಗರ್ ಹಚ್ಚಿ ಬೂದು ಬಣ್ಣದ ಪದರ ಬರಿಸಿಕೊಂಡರೆ ತುಕ್ಕು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ಎಣ್ಣೆ ಸವರುವ ಅಭ್ಯಾಸ ಇರುವವರಿಗೆ ಇದು ಸಮಸ್ಯೆಯೇ ಅಲ್ಲ. ನನಗೆ ಕತ್ತಲಲ್ಲಿ, ದಣಿದಿರುವಾಗಲೂ ನೆಮ್ಮದಿ ಕೊಡುವ ಚಾಕು ಬೇಕಿತ್ತು.

ಡಿ2 ಬಗ್ಗೆ ಒಂದು ಮಾತು. ಅದರಲ್ಲಿ ಶೇ 11ರಿಂದ 13ರಷ್ಟು ಕ್ರೋಮಿಯಂ ಇದೆ, ಅದನ್ನು ನೋಡಿ ಸ್ಟೇನ್‌ಲೆಸ್ ಅಂದುಕೊಳ್ಳುವವರು ಜಾಸ್ತಿ. ಆದರೆ ಕಾರ್ಬನ್ ಶೇ 1.5ರ ಆಸುಪಾಸಿನಲ್ಲಿ ಇರುವುದರಿಂದ ಕ್ರೋಮಿಯಂನ ದೊಡ್ಡ ಪಾಲು ಕಾರ್ಬೈಡ್ ಆಗಿ ಕಟ್ಟಿಹೋಗುತ್ತದೆ. ತುಕ್ಕು ತಡೆಯಲು ಉಳಿಯುವುದು ಕಡಿಮೆ. ಆ ಕಾರ್ಬೈಡ್‌ಗಳು ದಪ್ಪ ಬೇರೆ, ಹಾಗಾಗಿ ತೆಳ್ಳಗಿನ ಬಾಯಿ ಮೂಳೆಗೆ ತಾಗಿದರೆ ಚೂರು ಕಿತ್ತುಬರುವ ಭಯ ಇರುತ್ತದೆ.

ಕೊನೆಗೆ ಆರಿಸಿದ್ದು ಎಇಬಿ-ಎಲ್. ಶೇ 0.67ರಷ್ಟು ಕಾರ್ಬನ್, ಶೇ 13ರಷ್ಟು ಕ್ರೋಮಿಯಂ, ಅಷ್ಟೇ. ವನೇಡಿಯಂ ಇಲ್ಲ. ಇದು ಮೂಲತಃ ಶೇವಿಂಗ್ ಬ್ಲೇಡಿಗಾಗಿ ಹುಟ್ಟಿದ ಉಕ್ಕು. ಕಾರ್ಬೈಡ್‌ಗಳು ತುಂಬಾ ಸಣ್ಣ, ಬಾಯಿ ತೆಳ್ಳಗಿದ್ದರೂ ಮುರಿಯುವುದಿಲ್ಲ, ನನ್ನ ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ಎಸ್30ವಿಯಷ್ಟು ಹೊತ್ತು ಹರಿತ ನಿಲ್ಲುವುದಿಲ್ಲ, ನಿಜ. ಆದರೆ ಮೊಂಡಾದಾಗ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಲೋಹ ವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ, 2021ರಲ್ಲಿ ಬಂದ ಮ್ಯಾಗ್ನಾಕಟ್ ಉಕ್ಕಿನ ಮೇಲೂ ಮನಸ್ಸಿತ್ತು. ತುಕ್ಕು ತಡೆಯುವುದರಲ್ಲೂ ಗಟ್ಟಿತನದಲ್ಲೂ ಅದು ಬಹಳ ಮುಂದಿದೆ. ಆದರೆ ಎಸ್30ವಿಯಂತೆ ಅದರಲ್ಲೂ ವನೇಡಿಯಂ ಶೇ 4 ಇದೆ. ವಜ್ರದ ಪ್ಲೇಟ್ ತಂದ ಮೇಲೆ ಮುಂದಿನ ಚಾಕುವಿಗೆ ನೋಡೋಣ.

ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ರೀತಿ, ಮುಖ್ಯ. ಒಂದೇ ಎಇಬಿ-ಎಲ್ ಅನ್ನು 56 ಎಚ್‌ಆರ್‌ಸಿಗೆ ಹದ ಮಾಡಿದರೆ ಬಾಯಿ ಬೇಗ ಮಡಚಿಕೊಳ್ಳುತ್ತದೆ. 60–61ಕ್ಕೆ ತಂದರೆ ಬೇರೆಯೇ ಚಾಕು. ಎಚ್‌ಆರ್‌ಸಿ ಅಂದರೆ ರಾಕ್‌ವೆಲ್ ಸಿ ಅಳತೆ. ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಉಕ್ಕಿಗೆ ಒತ್ತಿ, ಅದು ಎಷ್ಟು ಆಳ ಇಳಿಯಿತು ಅಂತ ನೋಡುತ್ತಾರೆ. ಸಂಖ್ಯೆ ಹೆಚ್ಚಾದಷ್ಟೂ ಉಕ್ಕು ಗಟ್ಟಿ. ಕೊಳ್ಳುವವರು ಉಕ್ಕಿನ ಹೆಸರಿನ ಜೊತೆ ಈ ಸಂಖ್ಯೆಯನ್ನೂ ಕೇಳಿ ಪಡೆಯಬೇಕು. 1084ರಂಥ ಸರಳ ಕಾರ್ಬನ್ ಉಕ್ಕನ್ನು ಸಣ್ಣ ಕುಲುಮೆಯಲ್ಲಿ ಸುಮಾರು 815 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, 200 ಡಿಗ್ರಿಯ ಆಸುಪಾಸಿನಲ್ಲಿ ಹದ ಕೊಡಬಹುದು. ಎಇಬಿ-ಎಲ್‌ಗೆ 1050 ಡಿಗ್ರಿಗಿಂತ ಮೇಲೆ, ಕರಾರುವಾಕ್ಕಾಗಿ ಶಾಖ ಹಿಡಿದು ನಿಲ್ಲಿಸುವ ವಿದ್ಯುತ್ ಕುಲುಮೆ ಬೇಕು. ನನ್ನ ಹತ್ತಿರ ಅದಿಲ್ಲ. ಅದಕ್ಕೇ ಹದ ಕೊಟ್ಟ, ಬದಿ ಉಜ್ಜಿದ ಅಲಗನ್ನೇ ತರಿಸಿಕೊಂಡೆ. ಹಿಡಿ, ಒರೆ, ಕೊನೆಯ ಸಾಣೆ ನನ್ನವು.

ಆಕಾರದಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ಡ್ರಾಪ್ ಪಾಯಿಂಟ್, ಅಲಗು 10 ಸೆಂಟಿಮೀಟರ್, ಬೆನ್ನಿನ ದಪ್ಪ 3 ಮಿಲಿಮೀಟರ್. ಬೆನ್ನು ಮುಂದಕ್ಕೆ ಹೋಗುತ್ತಾ ಕೆಳಗೆ ಇಳಿಯುವುದರಿಂದ ಮೊನೆ ಬೆನ್ನಿನ ಗೆರೆಗಿಂತ ಕೆಳಗೆ ನಿಲ್ಲುತ್ತದೆ. ಚರ್ಮ ಬಿಡಿಸುವಾಗ ಮೊನೆ ಒಳಗಿನ ಕರುಳಿಗೆ ಚುಚ್ಚುವುದಿಲ್ಲ. ಬೇಟೆ ಚಾಕುಗಳಲ್ಲಿ ಈ ಆಕಾರವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಚಾಕು ಕುಶಲಿ ಬಾಬ್ ಲವ್‌ಲೆಸ್. ಬಾಯಿಯ ಹಿಂದಿನ ದಪ್ಪ ಸುಮಾರು 0.4 ಮಿಲಿಮೀಟರ್ ಇರುವ ಅಲಗು ಹುಡುಕಿದೆ. ಬೆನ್ನು ಎಷ್ಟು ದಪ್ಪ ಅಂತ ಎಲ್ಲರೂ ಕೇಳುತ್ತಾರೆ. ಕೊಯ್ಯುವುದನ್ನು ತೀರ್ಮಾನಿಸುವುದು ಈ ಇನ್ನೊಂದು ದಪ್ಪ.

ಹಿಡಿ

ಜಾಸ್ತಿ ಸಮಯ ಹೋಗಿದ್ದು ಇಲ್ಲೇ, ಹೋಗಬೇಕಾದದ್ದೂ ಇಲ್ಲೇ. ಅಲಗು ಎಷ್ಟೇ ಚೆನ್ನಾಗಿರಲಿ, ಒದ್ದೆ ಕೈಯಲ್ಲಿ ಜಾರಿದರೆ ಅದು ಅಪಾಯ.

ಟ್ಯಾಂಗ್, ಅಂದರೆ ಹಿಡಿಯೊಳಗೆ ಹೋಗುವ ಉಕ್ಕಿನ ಭಾಗ, ಹಿಡಿಯಷ್ಟೇ ಅಗಲ, ಹಿಡಿಯಷ್ಟೇ ಉದ್ದ ಇದೆ. ಎರಡು ಬದಿಗೆ ಎರಡು ಪಟ್ಟಿ ಅಂಟಿಸಿ ಪಿನ್ ಹೊಡೆದರೆ ಹಿಡಿ. ಪಟ್ಟಿಗೆ ಬೀಟೆ ಮರ ಮನಸ್ಸಿನಲ್ಲಿತ್ತು. ನೋಡಲು ಅದರ ಮುಂದೆ ಬೇರೆ ಇಲ್ಲ. ಆದರೆ ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಉಕ್ಕು ಹಾಗೆ ಮಾಡುವುದಿಲ್ಲ. ಎರಡರ ನಡುವಿನ ಅಂಟಿನ ಗೆರೆ ಕೊನೆಗೊಂದು ದಿನ ಬಾಯಿ ಬಿಡಬಹುದು. ರಾಳ ತುಂಬಿಸಿ ಗಟ್ಟಿ ಮಾಡಿದ ಮರವಾದರೆ ಈ ಚಿಂತೆ ಕಡಿಮೆ. ಜಿ10 ಅಂದರೆ ಗಾಜಿನ ನೂಲಿಗೆ ಎಪಾಕ್ಸಿ ಎಂಬ ಅಂಟು ರಾಳ ಸೇರಿಸಿದ್ದು. ನೀರಿಗೆ ಜಗ್ಗುವುದಿಲ್ಲ, ಆದರೆ ಮುಟ್ಟಿದರೆ ತಣ್ಣಗೆ, ಗಾಜು ಮುಟ್ಟಿದ ಹಾಗೆ.

ಆರಿಸಿದ್ದು ಕ್ಯಾನ್ವಾಸ್ ಮಿಕಾರ್ಟಾ. ದಪ್ಪ ಬಟ್ಟೆಯ ಪದರಗಳನ್ನು ಫಿನಾಲಿಕ್ ರಾಳದಲ್ಲಿ ನೆನೆಸಿ ಶಾಖ ಕೊಟ್ಟು ಒತ್ತಿದ್ದು. 1910ರ ಸುಮಾರಿಗೆ ವೆಸ್ಟಿಂಗ್‌ಹೌಸ್ ಕಂಪನಿ ಇದನ್ನು ವಿದ್ಯುತ್ ನಿರೋಧಕವಾಗಿ ಬಳಸಲು ಶುರು ಮಾಡಿತು. ಹೊಳಪು ಕೊಡದೆ ಬಿಟ್ಟರೆ ಬಟ್ಟೆಯ ಎಳೆಗಳು ಮೇಲೆ ಉಳಿಯುತ್ತವೆ, ಒದ್ದೆಯಾದಾಗ ಹಿಡಿತ ಇನ್ನೂ ಚೆನ್ನಾಗಿರುತ್ತದೆ. ಕನ್ನಡಿಯಂತೆ ಹೊಳಪು ಕೊಟ್ಟವರು ಆ ಗುಣವನ್ನೇ ಕಳೆದುಬಿಡುತ್ತಾರೆ.

ಕೆಲಸ ಶುರು ಮಾಡುವ ಮೊದಲು ಅಲಗಿನ ಬಾಯಿಗೆ ದಪ್ಪ ಟೇಪ್ ಸುತ್ತಿದೆ. ಮಾಸ್ಕ್ ಹಾಕಿಕೊಂಡೆ. ಮಿಕಾರ್ಟಾ, ಜಿ10 ಎರಡರ ಪುಡಿಯೂ ಉಸಿರಿಗೆ ಹೋಗಬಾರದು. ಪಟ್ಟಿಯ ಒಳಮುಖ ಸಮ ಮಾಡಲು ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ಉಜ್ಜಿದೆ. ಮೊದಲು ಒಳಮುಖದ ತುಂಬಾ ಪೆನ್ಸಿಲ್‌ನಿಂದ ಗೀಚಿಕೊಳ್ಳಬೇಕು. ಗೀಚು ಎಲ್ಲಾ ಕಡೆ ಒಟ್ಟಿಗೆ ಮಾಯವಾದರೆ ಸಮ. ನಡುವೆ ಉಳಿದರೆ ಅಲ್ಲಿ ತಗ್ಗಿದೆ ಅಂತ ಅರ್ಥ. ಆಮೇಲೆ ಅಂಟಿಲ್ಲದೆ ಟ್ಯಾಂಗ್ ಮೇಲೆ ಇಟ್ಟು ಬೆಳಕಿಗೆ ಹಿಡಿದೆ. ಎಲ್ಲೂ ಬೆಳಕಿನ ಗೆರೆ ಕಾಣಬಾರದು.

ತೂತು ಕೊರೆಯುವುದಕ್ಕೆ ಒಂದು ಕ್ರಮ ಇದೆ. ಹದ ಕೊಟ್ಟ ಟ್ಯಾಂಗ್‌ಗೆ ಸಾಮಾನ್ಯ ಡ್ರಿಲ್ ಬಿಟ್ ಇಳಿಯುವುದಿಲ್ಲ, ಅದಕ್ಕೆ ಮೊದಲೇ ತೂತು ಇರುವ ಅಲಗು ಬೇಕು. ಒಂದು ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ, ಟ್ಯಾಂಗ್‌ನ ತೂತಿನ ಮೂಲಕವೇ ಕೊರೆದು, ಕೊರೆದ ಕೂಡಲೇ ಪಿನ್ ತೂರಿಸಿಟ್ಟು, ಆಮೇಲೆ ಎರಡನೇ ತೂತು. ಪಿನ್ ಇಲ್ಲದೆ ಮುಂದುವರಿದರೆ ಪಟ್ಟಿ ಕೂದಲೆಳೆಯಷ್ಟು ಸರಿದು ಕೊನೆಗೆ ಪಿನ್ ಕೂರುವುದಿಲ್ಲ.

ಪಟ್ಟಿಗಳ ಮುಂದಿನ ಅಂಚನ್ನು, ಅಂದರೆ ಅಲಗಿನ ಕಡೆ ಬರುವ ತುದಿಯನ್ನು, ಅಂಟಿಸುವ ಮೊದಲೇ ಪೂರ್ತಿ ನಯ ಮಾಡಿ ಮುಗಿಸಬೇಕು. ಅಂಟಿಸಿದ ಮೇಲೆ ಅಲ್ಲಿಗೆ ಸ್ಯಾಂಡ್‌ಪೇಪರ್ ಹೋದರೆ ಅಲಗಿನ ಮೇಲೆ ಗೀರು ಗ್ಯಾರಂಟಿ. ಎರಡು ಪಟ್ಟಿಗಳನ್ನೂ ಪಿನ್ ಹಾಕಿ ಜೋಡಿಸಿ, ಒಟ್ಟಿಗೆ ಉಜ್ಜಿ, ಎರಡೂ ಅಂಚು ಒಂದೇ ಆಕಾರಕ್ಕೆ ಬಂದ ಮೇಲೆ ಬಿಟ್ಟೆ.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, 24 ಗಂಟೆಯದ್ದು. ಐದು ನಿಮಿಷದ್ದು ಅವಸರದ್ದು, ನೀರಿಗೂ ಅಷ್ಟು ತಾಳುವುದಿಲ್ಲ. ಟ್ಯಾಂಗ್ ಬದಿಗಳನ್ನು ಒರಟು ಮಾಡಿ, ಅಸಿಟೋನ್‌ನಿಂದ ಒರೆಸಿ, ಮತ್ತೆ ಬೆರಳು ತಾಗಿಸದೆ ಅಂಟು ಹಚ್ಚಿದೆ. ಕ್ಲ್ಯಾಂಪ್ ತುಂಬಾ ಬಿಗಿ ಮಾಡಬಾರದು, ಅಂಟೆಲ್ಲಾ ಹೊರಗೆ ಬಂದುಬಿಡುತ್ತದೆ. ಅಲಗಿನ ಕಡೆ ಉಕ್ಕಿದ ಅಂಟನ್ನು ಹಸಿಯಿರುವಾಗಲೇ ಒರೆಸಿದೆ.

ಆಕಾರ ಕೊಡುವಾಗ ಮೊದಲು ಅರ, ಆಮೇಲೆ 120, 220, 400 ಪೇಪರ್. 400ಕ್ಕೆ ನಿಲ್ಲಿಸಿದೆ. ಪಿನ್ ತಲೆ ಉಜ್ಜುವಾಗ ಮಧ್ಯೆ ಮಧ್ಯೆ ಮುಟ್ಟಿ ನೋಡಬೇಕು. ಪಿನ್ ಕಾದರೆ ಒಳಗಿನ ಎಪಾಕ್ಸಿ ಮೆತ್ತಗಾಗುತ್ತದೆ. ಅಡ್ಡಕೊಯ್ತ ಮೊಟ್ಟೆಯಾಕಾರ, ಕಿರಿದಾದ ಬದಿ ಕೆಳಗೆ. ದುಂಡಗೆ ಮಾಡಿದರೆ ಹಿಡಿ ಕೈಯಲ್ಲಿ ತಿರುಗುತ್ತದೆ. ಬೆರಳಿಗೊಂದೊಂದು ತಗ್ಗು ಇರುವ ಹಿಡಿ ನನಗೆ ಬೇಡ. ಅದು ಒಂದೇ ಹಿಡಿತಕ್ಕೆ ಕೈಯನ್ನು ಕಟ್ಟಿಹಾಕುತ್ತದೆ, ಚರ್ಮ ಬಿಡಿಸುವಾಗ ಹಿಡಿತ ಬದಲಾಗುತ್ತಲೇ ಇರಬೇಕು. ತೋರುಬೆರಳಿನ ಮುಂದೆ ಮಾತ್ರ ಕೆಳಗೆ ಒಂದು ಸಣ್ಣ ತುಟಿ ಬಿಟ್ಟೆ, ಕೈ ಬಾಯಿಯ ಮೇಲೆ ಜಾರದಿರಲು.

ಪರೀಕ್ಷೆ ಹೀಗೆ ಮಾಡಿದೆ. ಅಲಗಿಗೆ ಟೇಪಿನ ಮೇಲೆ ಬಟ್ಟೆ ಸುತ್ತಿ, ಕೈಗೆ ಎಣ್ಣೆ ಸವರಿಕೊಂಡು, ಕಣ್ಣು ಮುಚ್ಚಿ ಚಾಕುವನ್ನು ಕೈಯಲ್ಲಿ ತಿರುಗಿಸಿದೆ. ಬಾಯಿ ಯಾವ ಕಡೆ ಇದೆ ಅಂತ ಪ್ರತಿ ಸಲ ಅಂಗೈಗೇ ಗೊತ್ತಾಯಿತು. ಕಿರುಬೆರಳಿನ ಹತ್ತಿರ ಸ್ವಲ್ಪ ದಪ್ಪ ಅನಿಸಿತು, ಅಲ್ಲಿ ಇನ್ನಷ್ಟು ಇಳಿಸಿದೆ. ಕೊಳ್ಳುವವರೂ ಅಂಗಡಿಯಲ್ಲಿ ಹಿಡಿದು ನೋಡುವಾಗ ಸುಮ್ನೆ ಮುಷ್ಟಿ ಕಟ್ಟಿ ಬಿಡಬೇಡಿ. ಹೆಬ್ಬೆರಳು ಬೆನ್ನ ಮೇಲಿಟ್ಟು, ತೋರುಬೆರಳು ಮುಂದಕ್ಕೆ ಚಾಚಿ, ತಿರುಗಿಸಿ ಹಿಡಿದು, ಎಲ್ಲಾ ನೋಡಿ.

ಒರೆ

ಕೈಡೆಕ್ಸ್ ಮತ್ತು ಚರ್ಮದ ನಡುವೆ ತುಂಬಾ ಯೋಚಿಸಿದೆ. ಕೈಡೆಕ್ಸ್ ಬಿಸಿ ಮಾಡಿದರೆ ಬಗ್ಗುವ ಪ್ಲಾಸ್ಟಿಕ್. ಅಲಗಿನ ಆಕಾರಕ್ಕೇ ಒತ್ತಿ ಕೂರಿಸಬಹುದು, ಚಾಕು ಟಕ್ ಅಂತ ಕೂರುತ್ತದೆ, ನೀರು ಕುಡಿಯುವುದಿಲ್ಲ, ತೊಳೆದರೆ ಶುಚಿ. ಮಳೆಯಲ್ಲೇ ಇರುವವರಿಗೆ, ದೋಣಿಯಲ್ಲಿ ಓಡಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಒಳಗೆ ಮರಳು ಸೇರಿದರೆ ಪ್ರತಿ ಸಲ ಅಲಗಿಗೆ ಗೀರು. ಇನ್ನೊಂದು, ಸದ್ದು. ಕಡ್ಡಿ ತಾಗಿದರೂ ಟಪ್ ಅನ್ನುತ್ತದೆ. ಕಾಡಿನಲ್ಲಿ ಸದ್ದಿಲ್ಲದೆ ನಡೆಯುವವರಿಗೆ ಅದು ಸಣ್ಣ ವಿಷಯ ಅಲ್ಲ. ನಾನು ಚರ್ಮಕ್ಕೆ ಹೋದೆ.

ಚರ್ಮ ಮರದ ತೊಗಟೆಯ ಒಗರಿನಿಂದ ಹದ ಮಾಡಿದ್ದೇ ಆಗಬೇಕು. ಕ್ರೋಮ್ ಹದದ ಚರ್ಮ ಮೆತ್ತಗೆ, ಒದ್ದೆ ಮಾಡಿ ಅಚ್ಚೊತ್ತಿದರೆ ಆಕಾರ ನಿಲ್ಲುವುದಿಲ್ಲ. ದಪ್ಪ ಸುಮಾರು 3.2 ಮಿಲಿಮೀಟರ್. ಮೊದಲು ದಪ್ಪ ಕಾಗದದಲ್ಲಿ ಮಾದರಿ ಕತ್ತರಿಸಿ, ಚಾಕು ಸುತ್ತ ಮಡಚಿ ನೋಡಿ, ಆಮೇಲೆ ಚರ್ಮ ಕತ್ತರಿಸಿದೆ. ಹಿಡಿಯ ಅರ್ಧ ಒಳಗೆ ಹೋಗುವ ಜೋಳಿಗೆ ಮಾದರಿ. ಮೇಲೆ ಗುಂಡಿ, ಪಟ್ಟಿ ಏನೂ ಇಲ್ಲ. ಹಿಡಿಯ ಉಬ್ಬು ಚರ್ಮದ ಅಚ್ಚಿನಲ್ಲಿ ಕೂತರೆ ಅದೇ ಚಾಕುವನ್ನು ಹಿಡಿದುಕೊಳ್ಳುತ್ತದೆ.

ಬಾಯಿಯ ಕಡೆ ಎರಡು ಚರ್ಮದ ನಡುವೆ ಮೂರನೆಯ ಪಟ್ಟಿಯೊಂದನ್ನು ಇಡುತ್ತಿದ್ದೇನೆ. ಇದನ್ನು ಬಿಡಲೇಬಾರದು. ಅದಿಲ್ಲದಿದ್ದರೆ ಒಳಗೆ ಹೋಗುವಾಗಲೆಲ್ಲ ಬಾಯಿ ನೇರವಾಗಿ ಹೊಲಿಗೆಯ ದಾರಕ್ಕೇ ತಾಗುತ್ತದೆ. ದಾರ ತುಂಡಾದರೆ ಬಾಯಿ ಹೊರಗೆ, ತೊಡೆಯ ಪಕ್ಕದಲ್ಲಿ. ಅಂಗಡಿಯ ಒರೆ ನೋಡುವಾಗ ಅಂಚನ್ನು ಬದಿಯಿಂದ ನೋಡಿ, ಮೂರು ಪದರ ಕಾಣಬೇಕು. ಹೊಲಿಗೆ ಎರಡು ಸೂಜಿಯದ್ದು. ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾರ ಹಾಯುತ್ತದೆ. ಒಂದು ಎಳೆ ಸವೆದು ಹೋದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಮೆಷಿನ್ ಹೊಲಿಗೆಗೆ ಈ ಗುಣ ಇಲ್ಲ.

ಮುಂದೆ ಬಾಕಿ ಇರುವುದು ಇಷ್ಟು. ಅಂಚಿನಿಂದ 4 ಮಿಲಿಮೀಟರ್ ಒಳಗೆ ಗೆರೆ ಕೊರೆದು ಹೊಲಿಗೆ. ಆಮೇಲೆ ಚರ್ಮವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಚಾಕುವಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗಿಟ್ಟು, ಬೆರಳಿನಿಂದ ಒತ್ತಿ ಅಚ್ಚು ಬರಿಸುವುದು. ಬಿಸಿಲಿಗೆ ಇಡದೆ ನೆರಳಿನಲ್ಲೇ ಒಣಗಿಸುವುದು. ಕೆಳತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು. ಬೆಲ್ಟ್ ಪಟ್ಟಿಯನ್ನು ಸ್ವಲ್ಪ ಉದ್ದ ಬಿಟ್ಟಿದ್ದೇನೆ, ಕೂತಾಗ ಹಿಡಿ ಪಕ್ಕೆಗೆ ಚುಚ್ಚದಿರಲಿ ಅಂತ. ಒರೆ ಆದ ಮೇಲೂ ಚಾಕುವನ್ನು ತಿಂಗಳುಗಟ್ಟಲೆ ಅದರೊಳಗೇ ಇಡುವುದಿಲ್ಲ. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಶೇ 13 ಕ್ರೋಮಿಯಂ ಇದ್ದರೂ ಕಲೆ ಬರಬಹುದು.

ಸಾಣೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪ್ರತಿ ಬದಿಗೆ 18 ಡಿಗ್ರಿ. 1000ದಲ್ಲಿ ಶುರು ಮಾಡಿ, ಆಚೆ ಬದಿಗೆ ಸಣ್ಣ ತರಿ (ಉಜ್ಜಿದಾಗ ಅಂಚಿನಲ್ಲಿ ಮಗುಚಿಕೊಳ್ಳುವ ಉಕ್ಕಿನ ಎಳೆ) ಬೆರಳಿಗೆ ತಾಗುವವರೆಗೆ ಉಜ್ಜಿ, ಬದಿ ಬದಲಿಸಿ, 3000ದಲ್ಲಿ ಆ ತರಿ ತೆಗೆದು, ಚರ್ಮದ ಪಟ್ಟಿಯ ಮೇಲೆ ಎಳೆಯಬೇಕು. ಒರೆಯಿಂದ ಉಳಿದ ತುಂಡಿನಲ್ಲೇ ಆ ಪಟ್ಟಿಗೆ ಸಾಕಾಗುವಷ್ಟು ಚರ್ಮ ಇದೆ.