ಆಷಾಢದ ಹಸಿರನ್ನು ಇಳಿಸುವುದು

ಜುಲೈ 20, 2025, ಭಾನುವಾರ

ಇವತ್ತಿನ ಕೆಲಸ ಕಿರುಚಿತ್ರವೊಂದರ ಕೊನೆಯ ದೃಶ್ಯಕ್ಕೆ ಕಲರ್ ಗ್ರೇಡಿಂಗ್, ಅಂದರೆ ಚಿತ್ರೀಕರಿಸಿದ್ದರ ಬಣ್ಣ, ಬೆಳಕು ತಿದ್ದುವುದು. ಆಷಾಢಕ್ಕೆ ತವರಿಗೆ ಬಂದಿದ್ದ ಮಗಳು ಗಂಡನ ಮನೆಗೆ ಹೊರಟಿದ್ದಾಳೆ. ಮಲೆನಾಡಿನ ಮನೆ, ಜಗಲಿಯ ಕೆಂಪು ಗಾರೆ ನೆಲ, ಹಿಂದೆ ಅಡಿಕೆ ತೋಟ, ಜಿಟಿಜಿಟಿ ಮಳೆ, ಒಳಗೆ ಹಳದಿ ಬಲ್ಬು. ನಿರ್ದೇಶಕರದ್ದು ಒಂದೇ ಬೇಡಿಕೆ: “ಸ್ವಲ್ಪ ಬೇಜಾರು ಕಾಣಬೇಕು.”

ಬೇಜಾರು ಅಂದ ಕೂಡಲೇ ಎಲ್ಲರ ಕೈ ನೀಲಿಯ ಕಡೆ ಹೋಗುತ್ತದೆ. ಇಡೀ ಫ್ರೇಮಿಗೆ ನೀಲಿ ಬಳಿದು ನೋಡಿ: ತಾಯಿಯ ಮುಖಕ್ಕೆ ಕಾಯಿಲೆಯ ಕಳೆ ಬರುತ್ತದೆ, ಕುಂಕುಮ ನೇರಳೆಯಾಗುತ್ತದೆ, ತೋಟ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ರಸಕ್ಕೊಂದು ಬಣ್ಣ ಹೇಳಿದೆ. ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. ನೀಲಿ ಹೋಗಿರುವುದು ಬೀಭತ್ಸಕ್ಕೆ. ಕರುಣಕ್ಕೆ, ಅಂದರೆ ಶೋಕದ ರಸಕ್ಕೆ, ಕೊಟ್ಟದ್ದು ಕಪೋತ ವರ್ಣ, ಪಾರಿವಾಳದ ಬೂದು. ಗ್ರೇಡಿಂಗ್ ಮಾಡುವವರಿಗೆ ಇದು ನೇರ ಸೂಚನೆ: ಬಣ್ಣ ಸೇರಿಸಬೇಡ, ಇದ್ದದ್ದನ್ನು ಇಳಿಸು.

ಶಾಟ್‌ಗಳು 10 ಬಿಟ್ (ಬಣ್ಣದ ಮೆಟ್ಟಿಲುಗಳು ಹೆಚ್ಚು), ಲಾಗ್ (ಬೆಳಕಿನ ವಿವರ ಉಳಿಯಲೆಂದು ಸಪ್ಪೆಯಾಗಿ ದಾಖಲಿಸಿದ್ದು). ಗ್ರೇಡಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನಲ್ಲಿ ಲಾಗನ್ನು ಪರದೆಯ ಬಣ್ಣಕ್ಕೆ ತರುವ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಕೊನೆಯ ನೋಡ್‌ನಲ್ಲಿ, ಅಂದರೆ ತಿದ್ದುಪಡಿಯ ಕೊನೆಯ ಹಂತದಲ್ಲಿರಲಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎಲ್ಲ ಅದಕ್ಕಿಂತ ಮೊದಲು. ಮೊದಲೇ ರೆಕ್ 709ಕ್ಕೆ (ಸಾಮಾನ್ಯ ಪರದೆಗಳ ಬಣ್ಣದ ಮಾನದಂಡ) ತಂದುಬಿಟ್ಟರೆ ಮೋಡದ ವಿವರ ಮೇಲ್ಗಡೆ ಒತ್ತಿಕೊಂಡು ಕೂರುತ್ತದೆ, ಆಮೇಲೆ ಎಷ್ಟು ಇಳಿಸಿದರೂ ಚಪ್ಪಟೆ ಬೂದು ಮಾತ್ರ ಸಿಗುತ್ತದೆ. ಬ್ಯಾಲೆನ್ಸಿಗೆ ಅಪ್ಪನ ಬಿಳಿ ಪಂಚೆ ಸಾಕು: ಮೂರು ಬಣ್ಣಗಳ ಮಟ್ಟ ಪಕ್ಕಪಕ್ಕ ತೋರಿಸುವ ಪೆರೇಡ್ ಸ್ಕೋಪ್‌ನಲ್ಲಿ ಪಂಚೆಯ ಕೆಂಪು, ಹಸಿರು, ನೀಲಿ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರಬೇಕು. ಮಳೆಗಾಲದ ನೆರಳಿನಲ್ಲಿ ನೀಲಿ ಒಂದು ಕೂದಲೆಳೆ ಮೇಲಿದ್ದರೆ ಬಿಟ್ಟುಬಿಡಿ, ಅದು ಹವೆಯದ್ದು. ಎಲ್ಲ ಶಾಟ್‌ಗಳೂ ಹೀಗೆ ಸಮವಾಗುವವರೆಗೆ ಭಾವದ ಕಡೆ ಹೋಗಲೇಬಾರದು. ಶಾಟ್‌ನಿಂದ ಶಾಟ್‌ಗೆ ಬಿಳಿ ಅಲ್ಲಾಡುತ್ತಿದ್ದರೆ ಮುಂದೆ ಬೇಕೆಂದೇ ಮಾಡಿದ ಬದಲಾವಣೆಯೂ ತಪ್ಪಿನಂತೆಯೇ ಕಾಣುತ್ತದೆ.

ಈ ದೃಶ್ಯದ ನಿಜವಾದ ತೊಂದರೆ ಹಸಿರು. ಮಳೆಯಲ್ಲಿ ತೊಯ್ದ ತೋಟ ಕ್ಯಾಮೆರಾದಲ್ಲಿ ಕಣ್ಣಿಗೆ ಕಂಡದ್ದಕ್ಕಿಂತ ಗಾಢವಾಗಿ ಕೂತಿದೆ, ಫ್ರೇಮಿನ ಅರ್ಧವನ್ನು ಅದೇ ನುಂಗಿದೆ. ಅಷ್ಟು ಹಸಿರಿನ ಮುಂದೆ ಯಾರು ಅತ್ತರೂ ಪ್ರವಾಸೋದ್ಯಮದ ಜಾಹೀರಾತಿನಂತೆಯೇ ಕಾಣುತ್ತದೆ. ಆರಿಸಿದ ವರ್ಣದ (ಹ್ಯೂ) ಗಾಢತೆಯನ್ನು (ಸ್ಯಾಚುರೇಶನ್) ಮಾತ್ರ ಬದಲಿಸುವ ಹ್ಯೂ ವರ್ಸಸ್ ಸ್ಯಾಚುರೇಶನ್ ಕರ್ವ್‌ನಲ್ಲಿ ಹಸಿರನ್ನು 1.00ರಿಂದ 0.65ರ ಆಸುಪಾಸಿಗೆ ಇಳಿಸಿದರೆ ತೋಟ ಹಿಂದೆ ಸರಿಯುತ್ತದೆ. ಇಲ್ಲೊಂದು ಬಲೆಯಿದೆ: ಬಣ್ಣಗಳನ್ನು ಚಕ್ರದ ಮೇಲೆ ತೋರಿಸುವ ವೆಕ್ಟರ್‌ಸ್ಕೋಪ್‌ನಲ್ಲಿ ಎಲೆಯ ಹಸಿರು ಶುದ್ಧ ಹಸಿರಿನ ಜಾಗದಲ್ಲಿರುವುದಿಲ್ಲ, ಹಳದಿಯ ಕಡೆ ಸಾಕಷ್ಟು ವಾಲಿರುತ್ತದೆ. ಕರ್ವ್ ಅಗಲವಾಗಿ ಎಳೆದರೆ ಕೆನ್ನೆಯ ಅರಿಶಿನ, ಮುಡಿದ ಸೇವಂತಿಗೆ, ಮೈಬಣ್ಣ ಎಲ್ಲ ಜೊತೆಗೇ ಬಾಡುತ್ತವೆ. ಎರಡೂ ಬದಿಗೆ ತಡೆಬಿಂದು ಹಾಕಿ, ನಡುವಿನದನ್ನು ಮಾತ್ರ ಕೆಳಗೆ ಎಳೆಯಬೇಕು. ಹಸಿರನ್ನು ಕಪ್ಪಾಗಿಸಲು ಆರಿಸಿದ ವರ್ಣದ ಬೆಳಕು ಬದಲಿಸುವ ಹ್ಯೂ ವರ್ಸಸ್ ಲ್ಯೂಮಿನೆನ್ಸ್ ಬಳಸುವ ಆಸೆ ಬರುತ್ತದೆ. ಬೇಡ. 4:2:0 ಫೂಟೇಜ್‌ನಲ್ಲಿ ಬಣ್ಣದ ಮಾಹಿತಿ ಬೆಳಕಿನದ್ದರ ಕಾಲು ಭಾಗವಷ್ಟೇ ಇರುವುದರಿಂದ ಎಲೆಯಂಚು ಚೌಕ ಚೌಕವಾಗಿ ಒಡೆಯುತ್ತದೆ. ಅದರ ಬದಲು ತೋಟದ ಮೇಲೆ ಅಂಚು ಮೆದುವಾದ ಒಂದು ಪವರ್ ವಿಂಡೋ (ತಿದ್ದುಪಡಿಯನ್ನು ಫ್ರೇಮಿನ ಒಂದು ಜಾಗಕ್ಕೆ ಮಿತಿಗೊಳಿಸುವ ಆಕಾರ), ಅದರೊಳಗೆ ಗಾಮಾ (ನಡುಮಟ್ಟದ ಬೆಳಕು) ಸ್ವಲ್ಪ ಕೆಳಗೆ.

ಒದ್ದೆ ಗಾರೆ ನೆಲದ ಕೆಂಪು ಗಲ್ಲಕ್ಕೂ ಕುತ್ತಿಗೆಗೂ ಹೊಡೆಯುತ್ತದೆ. ನೆಲ, ಚರ್ಮ ಎರಡರ ಹ್ಯೂ ಹತ್ತಿರ ಹತ್ತಿರ ಇರುವುದರಿಂದ ಬಣ್ಣ ನೋಡಿ ಭಾಗ ಆರಿಸುವ ಕ್ವಾಲಿಫೈಯರ್ ಅವನ್ನು ಬೇರ್ಪಡಿಸುವುದಿಲ್ಲ. ಮುಖಕ್ಕೆ ವಿಂಡೋ ಕಟ್ಟಿ ಟ್ರ್ಯಾಕ್ ಮಾಡುವುದೇ ದಾರಿ. ಮೈಬಣ್ಣ ಕಪ್ಪಿರಲಿ ಬಿಳಿಯಿರಲಿ, ಸರಿಯಾಗಿ ಕೂತಾಗ ವೆಕ್ಟರ್‌ಸ್ಕೋಪ್‌ನ ಸ್ಕಿನ್ ಟೋನ್ ಗೆರೆಯ ಅಕ್ಕಪಕ್ಕದಲ್ಲೇ ಇರುತ್ತದೆ, ವ್ಯತ್ಯಾಸ ಬೆಳಕಿನಲ್ಲಿ. ಜಗಲಿಯ ನೆರಳಿಗೆ ಮುಖ 0ಯಿಂದ 1023ರವರೆಗೆ ಬೆಳಕು ಅಳೆಯುವ ವೇವ್‌ಫಾರ್ಮ್‌ನಲ್ಲಿ 350ರಿಂದ 450, ಹೊರಗಿನ ಬಯಲು 600ರ ಹತ್ತಿರ. ಹಿನ್ನೆಲೆಗಿಂತ ಮುಖ ಮಬ್ಬಾಗಿದ್ದರೆ ಮಾತು ಹೊರಬರದ ಮನಸ್ಥಿತಿ ತಾನಾಗಿ ಬರುತ್ತದೆ. 300ಕ್ಕಿಂತ ಕೆಳಗೆ ಬೇಡ. ಯೂಟ್ಯೂಬ್ ಕುಗ್ಗಿಸುವಾಗ ಮೊದಲು ಅಳಿಸುವುದೇ ಕತ್ತಲೆಯೊಳಗಿನ ವಿವರ.

ಈಗ ಬೇಜಾರು. ಅಡುಗೆಮನೆಯ ನಗುವಿನ ಶಾಟ್‌ಗಳಿಗೆ ಸ್ಯಾಚುರೇಶನ್ 50, ಅಂದರೆ ರಿಸಾಲ್ವ್‌ನ ಮೂಲ ಅಳತೆ. ಜಗಲಿಗೆ 42. ಮಗಳ ಆಟೋ ಹೋದ ಮೇಲಿನ ಖಾಲಿ ಜಗಲಿಗೆ 34. ಬಿಡಿಯಾಗಿ ನೋಡಿದರೆ ಯಾವುದೂ ಬಣ್ಣಗೆಟ್ಟಂತಿಲ್ಲ, ಒಂದರ ನಂತರ ಒಂದು ಬಂದಾಗಲೇ ಕಳೆದದ್ದು ತಿಳಿಯುತ್ತದೆ. ಬೀಳ್ಕೊಡುವ ಉದ್ದನೆಯ ಶಾಟ್ ಒಳಗೇ 42ರಿಂದ 36ಕ್ಕೆ ಡೈನಾಮಿಕ್ ಕೀಫ್ರೇಮ್ (ಅಳತೆ ನಿಧಾನವಾಗಿ ಬದಲಾಗುವಂತೆ ಹಾಕುವ ಗುರುತು). ಕಟ್ ಆದ ಒಂದು ಸೆಕೆಂಡಿನ ನಂತರ ಶುರು, ಹತ್ತು ಸೆಕೆಂಡಿನಲ್ಲಿ ಮುಗಿತಾಯ. ಇದೇ ಇಳಿಕೆಯನ್ನು ಎರಡು ಸೆಕೆಂಡಿನಲ್ಲಿ ಮಾಡಿದರೆ ನೋಡುವವರಿಗೆ ಎಫೆಕ್ಟ್ ಕಾಣುತ್ತದೆ, ಮಗಳು ಕಾಣುವುದಿಲ್ಲ.

ಬಾಗಿಲೊಳಗಿನ ಬಲ್ಬಿನ ಹಳದಿಯನ್ನು ಮಾತ್ರ ಮುಟ್ಟಿಲ್ಲ. ಬೇರೆ ವಿಂಡೋದಲ್ಲಿ ಹಾಗೇ ಉಳಿಸಿದೆ. ಬೆಚ್ಚನೆಯ ಕಿತ್ತಳೆಯ ಪಕ್ಕ ಬೂದು ಇದ್ದರೆ ಕಣ್ಣು ಆ ಬೂದನ್ನು ತಾನೇ ನೀಲಿಯಾಗಿ ಓದಿಕೊಳ್ಳುತ್ತದೆ. ನಿರ್ದೇಶಕರು ನೋಡಿ “ನೀಲಿ ಚೆನ್ನಾಗಿ ಬಂದಿದೆ” ಅಂದರು. ಟೈಮ್‌ಲೈನಿನಲ್ಲಿ ಹನಿ ನೀಲಿ ಸೇರಿಸಿಲ್ಲ!

ಹೀಗೆ ಬೆಳಕು, ಸ್ಯಾಚುರೇಶನ್‌ಗಳ ಮೇಲೆ ಭಾರ ಹಾಕುವುದಕ್ಕೆ ಇನ್ನೊಂದು ಕಾರಣ ನೋಡುವವರ ಫೋನು. ರಾತ್ರಿ ಹೊತ್ತು ಸ್ಕ್ರೀನ್ ಹಳದಿ ಮಾಡುವ ಫಿಲ್ಟರ್ ಹಾಕಿಕೊಂಡವರಿಗೆ ಸೂಕ್ಷ್ಮವಾದ ನೀಲಿ ಛಾಯೆ ತಲುಪುವುದೇ ಇಲ್ಲ. ಕತ್ತಲೆ ಬೆಳಕಿನ ಅಂತರವಾದರೆ ಬಹುಮಟ್ಟಿಗೆ ಉಳಿಯುತ್ತದೆ.

ಮಾನಿಟರ್‌ನ ಬಿಳಿ 6500 ಕೆಲ್ವಿನ್, ಪ್ರಕಾಶ ಸುಮಾರು 100 ನಿಟ್ಸ್. ಕೋಣೆಯ ಹಳದಿ ದೀಪ ಆರಿಸಿರಬೇಕು, ಇಲ್ಲವಾದರೆ ಕಣ್ಣು ಅದಕ್ಕೆ ಹೊಂದಿಕೊಂಡು ಎಲ್ಲ ಶಾಟ್‌ಗಳೂ ತಣ್ಣಗೆ ಕಾಣುತ್ತವೆ. ಮಬ್ಬು ಶಾಟ್‌ನ ಮುಂದೆ ಹೊತ್ತು ಕೂತರೆ ಅದೇ ಸಹಜ ಅನ್ನಿಸಿ ಇನ್ನಷ್ಟು ಇಳಿಸುವ ಚಟ ಹತ್ತುತ್ತದೆ. ಅದಕ್ಕೇ ಅಡುಗೆಮನೆಯ ಒಂದು ಸ್ಟಿಲ್ ಗ್ಯಾಲರಿಯಲ್ಲಿಟ್ಟು, ಆಗಾಗ ವೈಪ್ ಹಾಕಿ (ಎರಡನ್ನೂ ಒಂದೇ ಪರದೆಯಲ್ಲಿ ಪಕ್ಕಪಕ್ಕ ಇಟ್ಟು) ಹೋಲಿಸುವುದು.

ನಾಳೆಗೆ ಉಳಿದದ್ದು ಮೋಡದ ಪಟ್ಟೆಗಳು. ಎಂಟು ಬಿಟ್ ಎಕ್ಸ್‌ಪೋರ್ಟ್‌ನಲ್ಲಿ ಬೂದು ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತಿದೆ. ಆಕಾಶಕ್ಕೆ ಮಾತ್ರ ತೆಳುವಾಗಿ ಫಿಲ್ಮ್ ಗ್ರೇನ್ ಹಾಕಿ, ಬಿಟ್‌ರೇಟ್ ಏರಿಸಿ ಮತ್ತೆ ಹೊರತೆಗೆದು ಫೋನಿನಲ್ಲೇ ನೋಡಬೇಕು.