ಟ್ಯೂಬ್ ತೆಗೆದು ಸೀಲಂಟ್ ಹಾಕಿದೆ

ಭಾನುವಾರ, 9 ಮಾರ್ಚ್ 2025
ತುಮಕೂರು

ನಿನ್ನೆ ಮಧ್ಯಾಹ್ನ ರೋಡ್ ಬೈಕಿನ, ಅಂದ್ರೆ ಡಾಂಬರು ರಸ್ತೆಯ ಸೈಕಲ್ಲಿನ, ಎರಡೂ ಚಕ್ರ ಟ್ಯೂಬ್‌ಲೆಸ್ ಮಾಡಿದೆ. ಒಳಗಿನ ಟ್ಯೂಬ್ ತೆಗೆದು, ಟೈರು, ರಿಮ್ಮೇ ಗಾಳಿ ಹಿಡಿದಿಡುವ ಹಾಗೆ ಮಾಡಿ, ಸಣ್ಣ ತೂತು ತಾನೇ ಮುಚ್ಚುವ ಸೀಲಂಟ್ ಅನ್ನುವ ದ್ರವ ಹಾಕುವುದು. ಇವತ್ತು ಬೆಳಿಗ್ಗೆ ಅದರಲ್ಲೇ ಕಳ್ಳಂಬೆಳ್ಳದವರೆಗೆ ಹೋಗಿ ಬಂದೆ. ಬಹಳ ದಿನದಿಂದ ಮಾಡಬೇಕು ಅಂದುಕೊಂಡಿದ್ದ ಕೆಲಸ. ಕಾರಣ ಒಂದೇ, ಹೈವೇ ತಂತಿ.

ಶಿರಾ ಕಡೆ ಹೈವೇಯಲ್ಲಿ ಸೈಕಲ್ ಹೊಡೆಯುವವರಿಗೆಲ್ಲ ಈ ತಂತಿ ಗೊತ್ತು. ಲಾರಿಯ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ಪದರ ಇರುತ್ತದೆ. ಟೈರ್ ಸಿಡಿದರೆ ಚೂರುಗಳೆಲ್ಲ ರಸ್ತೆ ಅಂಚಿಗೆ ಬಂದು ಬೀಳುತ್ತವೆ. ನಾವು ಓಡಿಸುವುದೂ ಅದೇ ಅಂಚಿನಲ್ಲೇ ಅಲ್ವಾ. ತಂತಿ ಎಷ್ಟು ಸಣ್ಣ ಅಂದ್ರೆ ಟೈರಿನ ಮೇಲೆ ಬೆರಳಾಡಿಸಿದರೂ ಕೈಗೆ ಸಿಗುವುದಿಲ್ಲ. ಹಳೇ ಟ್ಯೂಬ್ ತೆಗೆದು ಹೊಸದು ಹಾಕಿ ಹೊರಟ ಸ್ವಲ್ಪ ಹೊತ್ತಿಗೆ ಅದೇ ತಂತಿ ಅದನ್ನೂ ಚುಚ್ಚುತ್ತದೆ. ಹೈವೇ ಬೇಡ ಅಂತ ಮಧುಗಿರಿ ಕಡೆ ಹಳ್ಳಿ ರಸ್ತೆಗೆ ಇಳಿದರೆ ಬಳ್ಳಾರಿ ಜಾಲಿ ಮುಳ್ಳು ಕಾದಿರುತ್ತದೆ. ಬೇಲಿ ಸವರಿದ ದಿನವಂತೂ ಆ ಕಡೆ ತಲೆ ಹಾಕಬಾರದು.

ಮೌಂಟನ್ ಬೈಕಿನವರಿಗೆ ಟ್ಯೂಬ್‌ಲೆಸ್ ಹಳೇ ವಿಷಯ. ಫ್ರಾನ್ಸಿನ ಮಾವಿಕ್ ಕಂಪನಿ 1999ರಲ್ಲೇ ಅದಕ್ಕೆ ಚಕ್ರ ತಂದಿತ್ತು. ರೋಡ್ ಬೈಕಿಗೆ ಹಚಿನ್ಸನ್ ಮತ್ತು ಶಿಮಾನೊ ಕಂಪನಿಗಳು ಸೇರಿ ತಂದದ್ದು 2006ರಲ್ಲಿ. ರೋಡ್ ಟೈರಿನಲ್ಲಿ ಗಾಳಿ ಒತ್ತಡ ಜಾಸ್ತಿ. ಟೈರಿನ ಅಂಚಿನಲ್ಲಿ ರಿಮ್ಮಿಗೆ ಕೂರುವ ಬಳೆ, ಅಂದ್ರೆ ಬೀಡ್, ಸ್ವಲ್ಪ ಹಿಗ್ಗಿದರೂ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಅದಕ್ಕೆ ಹಿಗ್ಗದ ಬೀಡ್ ಬೇಕು, ಅದನ್ನು ಹಿಡಿದಿಡುವ ರಿಮ್ ಬೇಕು. ಮಾಮೂಲಿ ಟೈರಿಗೇ ಸೀಲಂಟ್ ಸುರಿದರೆ ಆಯ್ತು ಅನ್ನುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೇವರಾಯನದುರ್ಗದ ಇಳಿಜಾರಿನಲ್ಲಿ ಮುಂದಿನ ಟೈರ್ ಕಳಚಿದರೆ ಏನು ಗತಿ? ಟೈರು, ರಿಮ್ಮು ಎರಡರ ಮೇಲೂ ಟ್ಯೂಬ್‌ಲೆಸ್ ಅಂತ ಬರೆದಿರಲೇಬೇಕು. ಬೀಡ್ ಹಿಡಿಯುವ ಅಂಚಿನ ಕೊಕ್ಕೆಯಿಲ್ಲದ, ಅಂದ್ರೆ ಹುಕ್‌ಲೆಸ್ ರಿಮ್ ಆದರೆ 72.5 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಮೇಲೆ ಗಾಳಿ ಹಾಕುವಂತಿಲ್ಲ. ನನ್ನದು ಕೊಕ್ಕೆ ಇರುವ ಅಲ್ಯೂಮಿನಿಯಂ ರಿಮ್. ಟೈರ್ ಅಗಲ 28 ಮಿ.ಮೀ.

ಈ ಕೆಲಸದಲ್ಲಿ ಎಲ್ಲರೂ ಸೀಲಂಟ್ ಬಗ್ಗೆ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಜೀವ ಇರುವುದು ಟೇಪಿನಲ್ಲಿ. ರಿಮ್ಮಿನ ಒಳಗೆ ಕಡ್ಡಿಗಳ ತೂತುಗಳಿವೆ. ಟ್ಯೂಬ್ ಇದ್ದಾಗ ಆ ತೂತಿನ ಅಂಚು ಟ್ಯೂಬಿಗೆ ತಾಗದಂತೆ ಮುಚ್ಚಿದರೆ ಸಾಕಾಗಿತ್ತು. ಈಗ ಟೇಪೇ ಗಾಳಿ ತಡೆಯಬೇಕು. ರಿಮ್ಮಿನ ಒಳ ಅಗಲ 19 ಮಿ.ಮೀ., ಅದಕ್ಕೆ 21 ಮಿ.ಮೀ. ಟೇಪ್ ತಂದೆ. ಎರಡು ಮಿ.ಮೀ. ಜಾಸ್ತಿ ಇದ್ದರೆ ಅದು ಎರಡೂ ಬದಿಗೆ ಸ್ವಲ್ಪ ಹತ್ತಿ, ಬೀಡ್ ಕೂರುವ ಜಾಗದ ಕೆಳಗೆ ಸಿಕ್ಕಿಕೊಂಡು ಭದ್ರವಾಗುತ್ತದೆ.

ಮೊದಲು ಹಳೇ ಟೇಪ್ ಕಿತ್ತು, ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಟ್ಟೆ. ವಾಲ್ವ್ ತೂತಿನ ಎದುರು ಬದಿಯಿಂದ ಶುರು ಮಾಡಿ, ಒಂದು ಕೈಯಲ್ಲಿ ಬಿಗಿಯಾಗಿ ಎಳೆಯುತ್ತಾ ಇನ್ನೊಂದು ಹೆಬ್ಬೆರಳಿನಲ್ಲಿ ನಡುವಿನ ಕಾಲುವೆಗೆ ಒತ್ತುತ್ತಾ ಬಂದೆ. ಸಡಿಲ ಬಿಟ್ಟರೆ ಒಳಗೆ ಗುಳ್ಳೆ ನಿಲ್ಲುತ್ತದೆ, ಆ ಗುಳ್ಳೆಯೇ ಮುಂದೆ ಸೋರುವ ದಾರಿ. ಶುರುವಾದ ಜಾಗ ದಾಟಿ ಒಂದು ಗೇಣು ಮೇಲೆ ಮೇಲೆ ಅಂಟಿಸಿ ಕತ್ತರಿಸಿದೆ. ಆಮೇಲೆ ಬಟ್ಟೆ ಹಿಡಿದು ಸುತ್ತಲೂ ಉಜ್ಜಿದೆ. ವಾಲ್ವಿಗೆ ದಬ್ಬಳದಲ್ಲಿ ಸಣ್ಣ ತೂತು ಮಾತ್ರ. ವಾಲ್ವ್ ತಾನೇ ಅದನ್ನು ಅಗಲಿಸಿಕೊಂಡು ಬಿಗಿಯಾಗಿ ಕೂರಬೇಕು. ಅದರ ನಟ್ ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಇಕ್ಕಳ ಹಾಕಬಾರದು. ದಾರಿಯಲ್ಲಿ ಟ್ಯೂಬ್ ಹಾಕಲೇಬೇಕಾದ ದಿನ ಬಂದರೆ ಆ ನಟ್ ಬರಿಗೈಯಲ್ಲಿ ಬಿಚ್ಚಲು ಬರಬೇಕು.

ಟೈರ್ ಏರಿಸಲು ಮೀಟುವ ಲಿವರ್ ಮುಟ್ಟಲಿಲ್ಲ, ಟೇಪ್ ಹರಿದೀತು ಅಂತ. ಏರಿದಷ್ಟೂ ಬೀಡನ್ನು ರಿಮ್ಮಿನ ನಡುವಿನ ಕಾಲುವೆಗೆ ತಳ್ಳುತ್ತಾ ಬಂದರೆ ಕೊನೆಯ ನಾಲ್ಕು ಬೆರಳಿನಷ್ಟು ಜಾಗಕ್ಕೆ ಸಡಿಲ ಸಿಗುತ್ತದೆ. ಬೀಡಿಗೆ ಸೋಪು ನೀರು ಸವರಿ ಪಂಪ್ ಹೊಡೆದೆ. ಮುಂದಿನ ಚಕ್ರದ ಬೀಡ್ ಠಪ್ ಠಪ್ ಅಂತ ರಿಮ್ಮಿಗೆ ಕೂತಿತು. ಹಿಂದಿನದು ಕೂರಲಿಲ್ಲ. ಹೊಡೆದ ಗಾಳಿಯೆಲ್ಲ ಬದಿಯಿಂದ ಹೊರಗೆ.

ಚಕ್ರ ಹಿಡಿದುಕೊಂಡು ಬೀದಿ ತುದಿಯ ಪಂಚರ್ ಅಂಗಡಿಗೆ ಹೋದೆ. ನಮ್ಮ ಸೈಕಲ್ಲಿನ ಸಪೂರ ಪ್ರೆಸ್ಟಾ ವಾಲ್ವ್ ಅವರ ಕಂಪ್ರೆಸರ್ ಪೈಪಿಗೆ ಹೊಂದುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಸೈಕಲ್ ಚಕ್ರ ಇಟ್ಟುಕೊಂಡಿರುವ ಎಲ್ಲರ ಹತ್ತಿರ ಇರಬೇಕಾದ ವಸ್ತು ಅದು. "ಸೈಕಲ್ಲಿಗೂ ಟ್ಯೂಬ್‌ಲೆಸ್ ಬಂತಾ?" ಅಂತ ಅಂಗಡಿಯವರು ಕೇಳಿದರು. 60 ಪಿಎಸ್‌ಐಗಿಂತ ಮೇಲೆ ಬೇಡ ಅಂದೆ. ಅವರೇ ಟೈರಿನ ಅಂಚು ಎರಡೂ ಕಡೆ ಹಿಸುಕಿ ಹಿಡಿದು ಗಾಳಿ ಬಿಟ್ಟರು. ಒಮ್ಮೆಗೇ ಕೂತಿತು. ದಿನಕ್ಕೆ ಎಷ್ಟೋ ಕಾರಿನ ಟೈರ್ ಕೂರಿಸುವ ಕೈ, ನಾನು ವಿವರಿಸಬೇಕಾದ್ದು ಏನೂ ಇರಲಿಲ್ಲ. ದುಡ್ಡು ಬೇಡ ಅಂದರು, ಬಲವಂತ ಮಾಡಿ ಕೊಟ್ಟೆ.

ಮನೆಗೆ ಬಂದು ವಾಲ್ವಿನ ಒಳಭಾಗ, ಅಂದ್ರೆ ಕೋರ್, ಬಿಚ್ಚಿ, ಸಿರಿಂಜಿನಲ್ಲಿ ಒಂದೊಂದಕ್ಕೆ 40 ಮಿ.ಲೀ. ಸೀಲಂಟ್ ಬಿಟ್ಟೆ. ಹಾಲಿನಂಥ ದ್ರವ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹಾಲಿನ ಕೆಲಸ ನೋಡಿದವರಿಗೆ ಈ ವಾಸನೆ ಹೊಸದಲ್ಲ. ನಾನು ಹಾಕಿದ ಸೀಲಂಟಿನ ಮೂಲವೂ ಅದೇ ಲೇಟೆಕ್ಸ್. ತೂತು ಬಿದ್ದ ಕೂಡಲೇ ಹೊರಗೆ ನುಗ್ಗುವ ಗಾಳಿ ದ್ರವವನ್ನೂ ಎಳೆದು ತರುತ್ತದೆ. ಅದರಲ್ಲಿರುವ ಸಣ್ಣ ಕಣಗಳು ತೂತಿಗೆ ಸಿಕ್ಕಿಕೊಳ್ಳುತ್ತವೆ, ಸುತ್ತ ಲೇಟೆಕ್ಸ್ ಗಟ್ಟಿಯಾಗುತ್ತದೆ. ಕೋರ್ ಹಾಕಿ, ಗಾಳಿ ತುಂಬಿ, ಚಕ್ರವನ್ನು ಹೊರಳಿಸಿ ಹೊರಳಿಸಿ ಎರಡೂ ಬದಿಗೆ ಮಲಗಿಸಿಟ್ಟೆ. ರಾತ್ರಿ ಸ್ವಲ್ಪ ಗಾಳಿ ಇಳಿದಿತ್ತು. ಹೊಸದರಲ್ಲಿ ಅಷ್ಟು ಸಹಜ.

ಬೆಳಿಗ್ಗೆ ಮುಂದೆ 62, ಹಿಂದೆ 66 ಪಿಎಸ್‌ಐ ಹಾಕಿ ಹೊರಟೆ. ಮೊದಲು 25 ಮಿ.ಮೀ. ಟೈರಿಗೆ 90ರ ಮೇಲೆ ಹಾಕುತ್ತಿದ್ದೆ. ಸರ್ವಿಸ್ ರಸ್ತೆಯ ಒರಟು ಡಾಂಬರಿನಲ್ಲಿ ಅಂಗೈ ಜುಮ್ ಅನ್ನುವುದು ಎಷ್ಟೋ ಕಮ್ಮಿ ಆಗಿದೆ. ಅದರಲ್ಲಿ ಅಗಲದ ಟೈರಿನ ಪಾಲೂ ಇದೆ, ಪೂರ್ತಿ ಟ್ಯೂಬ್‌ಲೆಸ್‌ನ ಗುಣ ಅಂತ ಹೇಳಲಾರೆ. ಬಣ್ಣ ಬಳಿಯದ ಹಂಪಿನ ಮೇಲೆ ಹಾರಿದಾಗ ಮಾತ್ರ ವ್ಯತ್ಯಾಸ ನೇರ. ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಹರಿಯಲು ಒಳಗೆ ಟ್ಯೂಬೇ ಇಲ್ಲ.

ವಾಪಸ್ ಬರುವಾಗ ಟೀ ಕುಡಿಯಲು ನಿಂತೆ. ಹಿಂದಿನ ಟೈರಿನ ಮೇಲೆ ಬೆಳ್ಳಗೆ ಒಂದು ಒದ್ದೆ ಚುಕ್ಕೆ. ಬಾಗಿ ನೋಡಿದರೆ ನಡುವೆ ಬೂದು ಬಣ್ಣದ ತುದಿ. ಅದೇ ತಂತಿ. ಅಲ್ಲಿ ಕೀಳಲಿಲ್ಲ, ಹಾಗೇ ಮನೆ ತನಕ ಓಡಿಸಿದೆ. ಮನೆಯಲ್ಲಿ ಚಿಮುಟದಿಂದ ಎಳೆದೆ. ಅರ್ಧ ಇಂಚು ಉದ್ದ, ಕೂದಲಿಗಿಂತ ಸ್ವಲ್ಪ ದಪ್ಪ. ಬುಸ್ ಅಂತ ಗಾಳಿ ಬಂತು. ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿದೆ, ಸೀಲಂಟ್ ಬಂದು ನಿಂತಿತು. ಗೇಜ್ ಹಾಕಿದರೆ 54. ಮತ್ತೆ 66ಕ್ಕೆ ಏರಿಸಿ ಸಂಜೆ ನೋಡಿದೆ, ಇಳಿದಿಲ್ಲ.

ಇದು ಎಲ್ಲರಿಗೂ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ತಿಂಗಳಿಗೊಮ್ಮೆ ಸುಮ್ನೆ ಒಂದು ಸುತ್ತು ಹೋಗುವವರಿಗೆ ಟ್ಯೂಬೇ ಒಳ್ಳೆಯದು. ನಿಂತ ಸೈಕಲ್ಲಿನಲ್ಲೂ ಸೀಲಂಟ್ ಒಣಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ನಾನು ಮೇ ತಿಂಗಳಲ್ಲಿ ಒಮ್ಮೆ ನೋಡಿ ಮತ್ತೆ ತುಂಬಬೇಕು. ಗಾಜು ಬಿದ್ದು ಟೈರ್ ಸೀಳಿದರೆ ಸೀಲಂಟ್ ಏನೂ ಮಾಡಲ್ಲ. ಅದಕ್ಕೆ ತೂತಿಗೆ ತುರುಕುವ ಪ್ಲಗ್, ಒಂದು ಟ್ಯೂಬ್, ಪಂಪ್ ಬ್ಯಾಗಿನಲ್ಲಿ ಇದ್ದೇ ಇರುತ್ತವೆ. ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಕೈಯಾಡಿಸಿ ಹಳೇ ಮುಳ್ಳು, ತಂತಿಯನ್ನೆಲ್ಲ ಕೀಳಬೇಕು. ಸೀಲ್ ಆಗಿದ್ದರಿಂದ ನಮಗೆ ಗೊತ್ತೇ ಆಗದ ಎಷ್ಟೋ ಅಲ್ಲಿ ಕೂತಿರುತ್ತವೆ.

ಬೆಳಿಗ್ಗೆ ಜೊತೆಗೆ ಬಂದಿದ್ದ ಗೆಳೆಯ ಆ ಬಿಳಿ ಚುಕ್ಕೆ ನೋಡಿ ತನ್ನ ಚಕ್ರಕ್ಕೂ ಮಾಡಿಕೊಡು ಅಂದ. ಅವನ ರಿಮ್ 50 ಮಿ.ಮೀ. ಆಳ, ನನ್ನಲ್ಲಿ ಉಳಿದಿರುವ 44 ಮಿ.ಮೀ. ವಾಲ್ವ್ ಸಾಲುವುದಿಲ್ಲ. ಉದ್ದದ್ದು ತರಿಸಲು ಹೇಳಿದ್ದೇನೆ. ಟೇಪ್ ತರುವ ಮುಂಚೆ ಅವನ ರಿಮ್ಮಿನ ಒಳ ಅಗಲ ಅಳೆಯಬೇಕು.