ಬಳೆ ತೊಟ್ಟ ಕೈಯ ಕಲ್ಲು

ಶಿವಮೊಗ್ಗಕ್ಕೆ ಹೋದವರೆಲ್ಲ ಜೋಗ ನೋಡಿ ಬರುತ್ತಾರೆ. ನಾನೂ ಅಕ್ಕನೂ ನೋಡಿದೆವು. ಸಕ್ರೆಬೈಲಿನ ಆನೆಗಳನ್ನೂ ನೋಡಿದೆವು, ಚೆನ್ನಾಗಿತ್ತು. ಆದರೆ ಮೈಸೂರಿಗೆ ವಾಪಸ್ ಬಂದು ಎರಡು ವಾರ ಆದರೂ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಶಿವಮೊಗ್ಗದ ಕೋಟೆ ರಸ್ತೆಯ ಒಂದು ಅಂಗಳ, ಅಲ್ಲಿ ಸಿಕ್ಕಿದ ಒಬ್ಬ ಅಜ್ಜಿ.

ಮೊದಲು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. "ಶಿವಪ್ಪ ನಾಯಕ ಅರಮನೆ ದಿನಾ ತೆಗ್ದಿರುತ್ತೆ, ಹೋಗ್ಬನ್ನಿ" ಅಂದಿದ್ದರು ಲಾಡ್ಜಿನವರು. ಜಡಿಮಳೆಯಲ್ಲಿ ಆಟೋ ಹಿಡಿದು ಹೋದರೆ ಗೇಟಿಗೆ ಬೀಗ. ಸೋಮವಾರ ರಜೆ! ಒಂದೇ ದಿನಕ್ಕೆ ಅಂತ ಬರುವವರು ದಯವಿಟ್ಟು ಸೋಮವಾರ ಬರಬೇಡಿ. ನಮಗೆ ಇನ್ನೊಂದು ದಿನ ಇತ್ತು, ಬಚಾವಾದೆವು.

ಹಾಗಾಗಿ ಆ ಹೊತ್ತೆಲ್ಲ ಶಿವಪ್ಪ ನಾಯಕ ಸರ್ಕಲ್‌ನಲ್ಲೇ ಕಳೆಯಿತು. ನಡುವೆ ನಾಯಕನ ಪ್ರತಿಮೆ, ಒಂದು ಕಡೆ ಗಾಂಧಿ ಬಜಾರಿನ ಬಾಯಿ, ಪಕ್ಕದಲ್ಲೇ ಹೂವಿನ ಮಾರ್ಕೆಟ್. ಮಳೆ ನಿಂತ ತಕ್ಷಣ ಬುಟ್ಟಿಗಳ ಮೇಲಿನ ಪ್ಲಾಸ್ಟಿಕ್ ಎತ್ತಿದರು ನೋಡಿ, ಸೇವಂತಿಗೆ ವಾಸನೆ ರಸ್ತೆಗೆಲ್ಲ ಹರಡಿತು. 1645ರಿಂದ 1660ರವರೆಗೆ ಆಳಿದ ಈ ಕೆಳದಿ ದೊರೆ ಭೂಮಿಯ ಗುಣ, ಬೆಳೆಯ ಪ್ರಮಾಣ ನೋಡಿ ಕಂದಾಯ ಗೊತ್ತು ಮಾಡಿದ. ಆ ಕಂದಾಯದ ಲೆಕ್ಕಕ್ಕೇ ಶಿಸ್ತು ಅನ್ನುತ್ತಿದ್ದರು, ಅದಕ್ಕೇ ಜನ ಇವತ್ತಿಗೂ ಅವನನ್ನು ಶಿಸ್ತಿನ ಶಿವಪ್ಪ ನಾಯಕ ಅನ್ನುತ್ತಾರೆ. ಹೆಸರಿನ ಮುಂದೆ ಯುದ್ಧ ಬರಲಿಲ್ಲ, ಲೆಕ್ಕ ಬಂತು. ನನಗೆ ಅದು ತುಂಬಾ ಹಿಡಿಸಿತು.

ಮರುದಿನ ಅರಮನೆ ತೆರೆದಿತ್ತು. ಮೈಸೂರು ಅರಮನೆ ನೋಡಿ ಬೆಳೆದ ಕಣ್ಣಿಗೆ ಇದು ದೊಡ್ಡದೊಂದು ಮಲೆನಾಡ ಮನೆಯ ಹಾಗೆ ಕಾಣುತ್ತದೆ. ನನಗಂತೂ ಇದೇ ಜಾಸ್ತಿ ಇಷ್ಟವಾಯಿತು. ದಪ್ಪ ದಪ್ಪ ಮರದ ಕಂಬ, ಅವುಗಳ ನಡುವೆ ಕಮಾನು, ಮೇಲಿನಿಂದ ದರ್ಬಾರು ಹಾಲ್ ನೋಡುವ ಹಾಗೆ ಉಪ್ಪರಿಗೆ. ಹೆಸರು ಶಿವಪ್ಪ ನಾಯಕನದಾದರೂ, ಈಗ ನಿಂತಿರುವ ಈ ಬೀಟೆ ಮರದ ಕಟ್ಟಡ ಹದಿನೆಂಟನೇ ಶತಮಾನದ್ದು, ಹೈದರಾಲಿ ಕಾಲದ್ದು ಅನ್ನುತ್ತಾರೆ. ಕೆಳದಿಯವರ ರಾಜಧಾನಿ ಬಿದನೂರು ಹೈದರನ ಕೈಸೇರಿದ್ದು 1763ರಲ್ಲಿ.

ಹೊರಗೆ ಅಂಗಳದ ತುಂಬ ಕಲ್ಲುಗಳು. ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ನಾನು ಇದನ್ನೇ ಅಕ್ಕನಿಗೆ ವಿವರಿಸುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಗಂಡನ ಚಿತೆಯೇರಿ ಸತಿಯಾದವಳ ನೆನಪಿಗೆ ನಿಲ್ಲಿಸುವ ಮಾಸ್ತಿಕಲ್ಲಿನ ಮುಂದೆ ಬಗ್ಗಿ, ಮೊಣಕೈ ಮಡಿಸಿ ಎತ್ತಿದ ಆ ಕಲ್ಲಿನ ಕೈಯಲ್ಲಿ ಬಳೆ ಎಣಿಸುತ್ತಿದ್ದರು.

"ಬಳೆ ಒಡೆದಿಲ್ಲ ನೋಡು ಮಗಾ. ಹಾಕ್ಕೊಂಡೇ ಹೋಗಿದಾಳೆ."

"ನಿಮ್ಮ ಕಡೆನೂ ಇವೆಯಾ ಅಜ್ಜಿ?"

"ನಮ್ ತೋಟದ ಬದೀಲೇ ಒಂದಿದೆ. ದೀಪಾವಳಿಗೆ ಎಣ್ಣೆ ಹಚ್ಚಿ, ಹೂ ಇಟ್ಟು ಎಡೆ ಹಾಕ್ತೀವಿ. ಅವಳ ಹೆಸರು ನಮ್ಮತ್ತೆಗೂ ಗೊತ್ತಿರ್ಲಿಲ್ಲ. ಬೆಂಕಿಗೆ ಹೋಗ್ಬೇಕಿತ್ತಾ ಪಾಪ, ಎಷ್ಟು ವಯಸ್ಸೋ ಏನೋ."

ನನ್ನ ವಿವರಣೆ ಅಲ್ಲಿಗೇ ನಿಂತಿತು. ಇಂಥ ಎಷ್ಟೋ ಕಲ್ಲುಗಳ ಫೋಟೋ ತೆಗೆದಿದ್ದೇನೆ, ಯಾವ ಶತಮಾನ ಅಂತ ವಾದ ಮಾಡಿದ್ದೇನೆ. ಆ ಹುಡುಗಿಯ ವಯಸ್ಸು ಎಷ್ಟಿತ್ತು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಅಜ್ಜಿ ಚೀಲದಿಂದ ಒಂದು ತುಂಡು ಸೇವಂತಿಗೆ ಮಾಲೆ ತೆಗೆದರು. ಸರ್ಕಲ್‌ನಲ್ಲೇ ಕೊಂಡಿದ್ದಂತೆ, ಕೋಟೆ ಆಂಜನೇಯನಿಗೆ ಕೊಟ್ಟು ಉಳಿದದ್ದು. ಕಾವಲಿನವರು ದೂರದಿಂದಲೇ ಕೂಗಿದರು: "ಅಜ್ಜಿ, ಮುಟ್ಬೇಡಿ!"

"ಮುಟ್ಟಲ್ಲ ಮಾರಾಯ, ಕೆಳಗೆ ಇಡ್ತೀನಿ ಅಷ್ಟೇ."

ಕಾವಲಿನವರು ಮತ್ತೆ ಏನೂ ಹೇಳಲಿಲ್ಲ. ಅಜ್ಜಿ ಒದ್ದೆ ಹುಲ್ಲಿನ ಮೇಲೆ ಹಳದಿ ಹೂವು ಇಟ್ಟು, ಮೊಣಕಾಲು ಹಿಡಿದುಕೊಂಡು ಎದ್ದರು. ನಾನು ಕೈ ಕೊಟ್ಟೆ. ಹೊಸನಗರದ ಹತ್ತಿರ ಅವರ ಊರು. "ದೀಪಾವಳಿಗೆ ಬಾ, ನಮ್ಮವಳನ್ನೂ ತೋರಿಸ್ತೀನಿ" ಅಂದರು, ದಾರಿಯನ್ನೂ ಹೇಳಿದರು.

ಹಬ್ಬಕ್ಕೆ ಇನ್ನೂ ಟೈಮಿದೆ. ಆಫೀಸಿನಲ್ಲಿ ಈಗಲೇ ರಜೆ ಕೇಳಿಟ್ಟಿದ್ದೇನೆ.